ಅಪ್ಪನ ಸಾರು, ನನ್ನ ಹೊಟ್ಟೆ

ನನಗೆ ಗೋಧಿ ಆಗುವುದಿಲ್ಲ, ಹಾಲೂ ಆಗುವುದಿಲ್ಲ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ. ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: "ಮತ್ತೆ ತಿನ್ನುವುದಾದರೂ ಏನು?" ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ಕೇಳುತ್ತಾರೆ, ಬಿಲ್ಡಿಂಗಿನ ಲಿಫ್ಟಿನಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಂತೂ ಕೇಳಿಯೇ ಕೇಳುತ್ತಾರೆ. ಒಬ್ಬ ಹಿರಿಯ ಹೆಂಗಸು ನನ್ನ ಕೈ ಹಿಡಿದುಕೊಂಡು ಪಾಪ ಎಂದು ಕಣ್ಣೀರು ಹಾಕಿದ್ದೂ ಉಂಟು. ಆಗ ನನ್ನ ಬಾಯಿ ತುಂಬ ಅಪ್ಪ ಡಬ್ಬಿಯಲ್ಲಿ ಕಟ್ಟಿಕೊಟ್ಟ ಕಾಯಿಹಾಲಿನ ಪಾಯಸ ಇತ್ತು, ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಈಗ ಉತ್ತರ ಕೊಡುತ್ತೇನೆ. ನನ್ನಂಥ ಹೊಟ್ಟೆಯವರು ಈ ಊರಿನಲ್ಲಿ ಬೇರೆಯವರೂ ಇದ್ದಾರೆ. ಅವರು ಕೂಡ ಒಂದು ಕಾಲದ ನನ್ನ ಹಾಗೆ, ಇದು ತಮಗೊಬ್ಬರಿಗೇ ಬಂದದ್ದು ಎಂದುಕೊಂಡು ಯಾವುದೋ ಸ್ಟೇಷನ್ನಿನ ಬೆಂಚಿನ ಮೇಲೆ ಹೊಟ್ಟೆ ಹಿಡಿದು ಕೂತಿರಬಹುದು.

ನಮ್ಮದು ಸಯನ್‌ನಲ್ಲಿ ಮನೆ. ನಾನು, ನನ್ನ ಗಂಡ ಪ್ರಕಾಶ, ಕಾಲೇಜಿಗೆ ಹೋಗುವ ಮಗಳು ಅನಘಾ, ಮತ್ತು ನನ್ನ ಅಪ್ಪ. ಅಪ್ಪ ಚಿಕ್ಕ ವಯಸ್ಸಿನಲ್ಲೇ ಉಡುಪಿ ಕಡೆಯಿಂದ ಬಂದು ಫೋರ್ಟಿನ ಗಲ್ಲಿಯೊಂದರ ಹೋಟೆಲಿನ ಅಡಿಗೆಮನೆ ಸೇರಿದವರು. ಲೋಟ ತೊಳೆಯುವುದರಿಂದ ಶುರುಮಾಡಿ ದೊಡ್ಡ ಅಡಿಗೆಯವರಾಗಿ ನಿವೃತ್ತರಾದರು. ಫೋರ್ಟಿನ ಬ್ಯಾಂಕು, ಕೋರ್ಟು, ಕಚೇರಿಗಳ ಎಷ್ಟು ಜನ ಅವರ ಸಾರು ಉಂಡಿದ್ದಾರೋ ಅವರಿಗೇ ಗೊತ್ತಿಲ್ಲ. ಅಮ್ಮ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದರು. ಬಂದ ಮರುದಿನವೇ ಅಡಿಗೆಮನೆ ಅವರ ವಶವಾಯಿತು. ನಾನು ತಕರಾರು ಮಾಡಲಿಲ್ಲ. ವಿಟಿ ಸ್ಟೇಷನ್ನಿನಿಂದ ಲೋಕಲ್ ಗಾಡಿಯಲ್ಲಿ ಜಜ್ಜಿಸಿಕೊಂಡು ಬಂದವಳಿಗೆ ಬಾಗಿಲಲ್ಲೇ ಸಾರಿನ ಪರಿಮಳ ಸಿಕ್ಕಿದರೆ ತಕರಾರು ಎಲ್ಲಿಂದ ಬರಬೇಕು?

ಅವರ ಅಡಿಗೆಮನೆಗೆ ಕೆಲವು ಕಾನೂನುಗಳಿದ್ದವು. ಬೆಳ್ಳುಳ್ಳಿ ಹೊಸ್ತಿಲು ದಾಟುವ ಹಾಗಿಲ್ಲ. ಈರುಳ್ಳಿಗೆ ಹೋಟೆಲಿನ ದೆಸೆಯಿಂದ ಹೇಗೋ ಮಾಫಿ ಸಿಕ್ಕಿತ್ತು, ಬೆಳ್ಳುಳ್ಳಿಗೆ ಸಿಗಲಿಲ್ಲ. ಹೋಟೆಲಿನಲ್ಲಿ ಬೆಳ್ಳುಳ್ಳಿಯ ಕೆಲಸವಿದ್ದರೆ ಬೇರೆಯವರು ಮಾಡುತ್ತಿದ್ದರು, ಅಪ್ಪ ಆ ಕಡೆ ತಲೆಯೇ ಹಾಕುತ್ತಿರಲಿಲ್ಲ. ಮನೆಯಲ್ಲಿ ಒಂದೇ ಸಾರು ಬೇಯಬೇಕು, ಎಲ್ಲರೂ ಅದನ್ನೇ ಉಣ್ಣಬೇಕು. ಅನಘಾ ಚಿಕ್ಕವಳಿದ್ದಾಗ ಅವಳಿಗೆ ಖಾರ ಕಮ್ಮಿ ಮಾಡಿ ಬೇರೆ ಸಾರು ಮಾಡುತ್ತೇನೆ ಎಂದದ್ದಕ್ಕೆ ಅಪ್ಪ ಕಣ್ಣು ಕೆಕ್ಕರಿಸಿದ್ದರು. "ಒಂದೇ ಮನೆಯವರಿಗೆ ಎರಡೆರಡು ಸಾರು ಎಂತಕ್ಕೆ? ನಾವೆಂತ ಪಾಲಾಗಿದ್ದೇವಾ?" ಅಂದಿನಿಂದ ಇಡೀ ಮನೆಯ ಖಾರವೇ ಇಳಿಯಿತು.

ಎಲ್ಲಕ್ಕಿಂತ ದೊಡ್ಡ ಕಾನೂನು ಇಂಗಿನದು. ಬೆಳ್ಳುಳ್ಳಿ ಇಲ್ಲದ ಅಡಿಗೆಗೆ ಇಂಗೇ ಜೀವ. ಪುಡಿ ಇಂಗನ್ನು ಅಪ್ಪ ಮುಟ್ಟುತ್ತಿರಲಿಲ್ಲ. "ಪುಡಿಯಲ್ಲಿ ಎಂತೆಂತ ಸೇರಿಸ್ತಾರೆ ಅಂತ ಯಾರಿಗೆ ಗೊತ್ತು?" ಎನ್ನುತ್ತಿದ್ದರು. ಮಾಟುಂಗಾದ ಅಂಗಡಿಯಿಂದ ಗಟ್ಟಿ ಇಂಗು ತರುವುದು, ಕಾಗದ ಬಿಚ್ಚಿ ಎಸೆದು ಅಮ್ಮನ ಕಾಲದ ಹಿತ್ತಾಳೆ ಡಬ್ಬಿಯಲ್ಲಿ ಹಾಕುವುದು, ಬೆಳಿಗ್ಗೆ ಒಂದು ತುಂಡು ಚಿವುಟಿ ಸ್ಟೀಲ್ ಲೋಟದ ನೀರಿನಲ್ಲಿ ನೆನೆಯಿಡುವುದು. ಆ ಇಂಗಿನ ನೀರು ದಿನವಿಡೀ ಸಾರಿಗೆ, ಹುಳಿಗೆ, ಚಟ್ನಿಗೆ, ಮಜ್ಜಿಗೆಗೆ ಹೋಗುತ್ತಿತ್ತು. ಲೋಟಕ್ಕೆ ಬೇರೆ ಯಾರೂ ಕೈ ಹಾಕುವಂತಿರಲಿಲ್ಲ.

ಪಾಪದವನು ಪ್ರಕಾಶ. ಅವನು ಬಾಗಲಕೋಟೆ ಕಡೆಯವನು, ಪವಾಯಿಯಲ್ಲಿ ಕಟ್ಟಡದ ಕಂಪನಿಯೊಂದರಲ್ಲಿ ಇಂಜಿನಿಯರು. ಅವನ ಊರಿನಲ್ಲಿ ಬೆಳ್ಳುಳ್ಳಿ ಇಲ್ಲದ ಊಟವನ್ನು ಜ್ವರ ಬಂದವರಿಗೆ ಮಾತ್ರ ಹಾಕುತ್ತಾರಂತೆ. ಮಾವನ ಮೇಲಿನ ಗೌರವಕ್ಕೆ ಅವನು ಮನೆಯಲ್ಲಿ ಬೆಳ್ಳುಳ್ಳಿಯ ಹೆಸರೆತ್ತಲಿಲ್ಲ. ಆದರೆ ಅವನ ಅಮ್ಮ ಕಳಿಸುವ ಬೆಳ್ಳುಳ್ಳಿ ಖಾರದಪುಡಿಯ ಡಬ್ಬಿ ಆಫೀಸಿನ ಡ್ರಾಯರಿನಲ್ಲಿ ಬೀಗ ಹಾಕಿಕೊಂಡು ಇರುತ್ತಿತ್ತು. ಸಂಜೆ ಮನೆಗೆ ಬರುವ ಮೊದಲು ಏಲಕ್ಕಿ ಜಗಿದುಕೊಂಡು ಬರುತ್ತಿದ್ದ, ಬೇರೆಯವರ ಗಂಡಂದಿರು ಸಿಗರೇಟು ಸೇದಿ ಬರುವ ಹಾಗೆ. ಅಪ್ಪನಿಗೆ ಗೊತ್ತಿತ್ತು ಎಂದೇ ನನ್ನ ಅನುಮಾನ.

ನನ್ನ ಕಾಯಿಲೆ ಸದ್ದಿಲ್ಲದೆ ಬಂತು. ಮೊದಲು ಸಯನ್ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲಬೇಕಾಯಿತು. ಆಮೇಲೆ ಬಾಯಿ ಹುಣ್ಣು, ಹೊಟ್ಟೆ ಉಬ್ಬರ, ಭೇದಿ. ಕನ್ನಡಿಯಲ್ಲಿ ಬಿಳಿಚಿಕೊಂಡ ಯಾರೋ ಕಾಣತೊಡಗಿದರು. ರಕ್ತ ಕಮ್ಮಿ ಎಂದು ಕಬ್ಬಿಣದ ಮಾತ್ರೆ ಕೊಟ್ಟರು, ರಕ್ತ ಏರಲಿಲ್ಲ. ಒಬ್ಬ ಡಾಕ್ಟರು ಟೆನ್ಷನ್ ಎಂದರು, ಇನ್ನೊಬ್ಬರು ವಯಸ್ಸು ಎಂದರು. ಸಯನ್‌ನಿಂದ ವಿಟಿವರೆಗೆ ಯಾವ ಸ್ಟೇಷನ್ನಿನ ಯಾವ ಪ್ಲಾಟ್‌ಫಾರ್ಮಿನಲ್ಲಿ ಬಾಗಿಲಿಗೆ ಚಿಲಕ ಇರುವ ಟಾಯ್ಲೆಟ್ ಇದೆ ಎಂಬ ವಿದ್ಯೆಯಲ್ಲಿ ನಾನು ಪಂಡಿತೆಯಾದೆ. ದಾದರಿನಲ್ಲಿ ಒಮ್ಮೆ ಗಾಡಿಯಿಂದ ಧುಮುಕಿ ಓಡಿದವಳು ಆ ದಿನ ಕೆಲಸಕ್ಕೆ ಹೋಗಲೇ ಇಲ್ಲ. ಬೆಂಚಿನ ಮೇಲೆ ಕೂತು ಅತ್ತೆ. ನನಗೇನೋ ದೊಡ್ಡ ರೋಗ ಬಂದಿದೆ, ಅನಘಾಳ ಮದುವೆ ನೋಡುವುದಿಲ್ಲ ಎಂದೆಲ್ಲ ಅನ್ನಿಸಿತು. ಅವಳಿಗೋ ಆಗ ಮದುವೆಯ ವಯಸ್ಸೇ ಆಗಿರಲಿಲ್ಲ.

ಕೊನೆಗೆ ಒಬ್ಬ ಡಾಕ್ಟರಮ್ಮ ರಕ್ತದ ಬೇರೆ ಪರೀಕ್ಷೆ ಮಾಡಿಸಿ, ಬಾಯಿಯಿಂದ ಹೊಟ್ಟೆಗೆ ನಳಿಕೆ ಇಳಿಸಿ ಕರುಳಿನ ಚೂರು ತೆಗೆಸಿದರು. ರಿಪೋರ್ಟ್ ಬಂದ ದಿನ ಪ್ರಕಾಶನಿಗೆ ರಜೆ ಸಿಗಲಿಲ್ಲ, ಅಪ್ಪ ಬಂದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಕೈಯಲ್ಲಿ ಫ್ಲಾಸ್ಕು. ಇಡೀ ಹೊತ್ತು ಆ ಫ್ಲಾಸ್ಕನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು, ಮುಚ್ಚಳ ತೆಗೆಯಲಿಲ್ಲ.

ಡಾಕ್ಟರಮ್ಮ ಸಮಾಧಾನದಿಂದ ಹೇಳಿದರು. ಸೀಲಿಯಾಕ್ ಎಂದು ಅದರ ಹೆಸರು. ಗೋಧಿಯ ಒಂದು ಕಣವೂ ಕೂಡದು, ಮೈದಾ, ರವೆ, ಬಾರ್ಲಿ ಯಾವುದೂ ಇಲ್ಲ, ಜೀವನಪೂರ್ತಿ. ಕರುಳು ಸವೆದಿದೆ, ಅದು ಚಿಗುರುವವರೆಗೆ ಹಾಲಿನದ್ದೂ ಬೇಡ. ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ. ಹೊರಗೆ ಬಂದು ಲಿಫ್ಟಿಗೆ ಕಾಯುವಾಗ ಅಪ್ಪ ಒಮ್ಮೆಲೇ ನಕ್ಕುಬಿಟ್ಟರು.

"ಇಷ್ಟೇಯಾ? ಗೋಧಿಯಾ? ನಾನು ಎಂತೆಂತದ್ದೋ ಯೋಚನೆ ಮಾಡಿ ಕೈಕಾಲು ಬಿಟ್ಟಿದ್ದೆ ಮಾರಾಯ್ತಿ. ನಾವು ಅಕ್ಕಿಯವರು. ಗೋಧಿ ಅಂದರೆ ಶುಗರ್ ಇದ್ದವರು ರಾತ್ರಿಗೆ ತಿನ್ನುವ ಸಾಮಾನು. ನನ್ನ ಅಡಿಗೆಯಲ್ಲಿ ಗೋಧಿ ಎಲ್ಲುಂಟು? ಒಂದು ತಿಂಗಳಲ್ಲಿ ನಿನ್ನನ್ನು ಸಮಾ ಮಾಡ್ತೇನೆ ನೋಡು."

"ಹಾಲೂ ಬೇಡ ಅಂದರಲ್ಲ ಅಪ್ಪ."

ಅವರ ನಗು ನಿಂತಿತು. "ಮಜ್ಜಿಗೆ?"

"ಮಜ್ಜಿಗೆಯೂ ಇಲ್ಲ."

"ತುಪ್ಪ?"

"ಸದ್ಯಕ್ಕೆ ಅದೂ ಬೇಡವಂತೆ."

"ತುಪ್ಪ ಹಾಲಾ?" ಎಂದು ಲಿಫ್ಟಿನವನ ಎದುರೇ ಜೋರಾಗಿ ಕೇಳಿದರು. "ಮಜ್ಜಿಗೆ ಇಲ್ಲದೆ ಊಟ ಮುಗಿಯುವುದು ಹೇಗೆ? ಎಲೆಯಿಂದ ಏಳುವುದು ಯಾವಾಗ ಅಂತ ಗೊತ್ತಾಗುವುದು ಹೇಗೆ?" ಲಿಫ್ಟಿನವನಿಗೆ ಭಾಷೆ ಅರ್ಥವಾಗದಿದ್ದರೂ ದುಃಖ ಅರ್ಥವಾಯಿತು, ನಮ್ಮನ್ನು ನೆಲಮಹಡಿಗೆ ಬಹಳ ಜೋಪಾನವಾಗಿ ಇಳಿಸಿದ.

ಮರುದಿನ ನಮ್ಮ ಮನೆಯಲ್ಲಿ ಯುದ್ಧ ಶುರುವಾಯಿತು. ರವೆ, ಮೈದಾ, ಬಿಸ್ಕತ್ತು, ಗೋಧಿಹಿಟ್ಟಿನ ಡಬ್ಬ ಎಲ್ಲ ಕೆಳಗಿನ ವಾಚ್‌ಮನ್ ಮನೆಗೆ ಹೋದವು. ಹಳೆಯ ಕಾವಲಿ ಹೋಗಿ ಹೊಸದು ಬಂತು. ನನಗೊಬ್ಬಳಿಗೆ ಬೇರೆ ಅಡಿಗೆ ಎಂಬ ಮಾತನ್ನು ಅಪ್ಪ ಎತ್ತಲೇ ಬಿಡಲಿಲ್ಲ. ನನಗೆ ಆಗದ್ದು ಯಾರಿಗೂ ಇಲ್ಲ, ಅಷ್ಟೇ. ಬೆಳಿಗ್ಗೆ ನೀರುದೋಸೆ, ಅಕ್ಕಿತರಿಯ ಪುಂಡಿ, ಒತ್ತು ಶ್ಯಾವಿಗೆ. ಕಾಫಿಗೆ ತೆಂಗಿನ ಹಾಲು ಹಾಕಿ ನೋಡಿದರು, ಅದು ಒಡೆದು ನೋಡಬಾರದ ಹಾಗಾಯಿತು. ಅದಕ್ಕೆ ಕಪ್ಪು ಕಾಫಿಗೆ ಬೆಲ್ಲ ಹಾಕಿ ಕೊಟ್ಟರು. ಊಟದ ಕೊನೆಗೆ ಮಜ್ಜಿಗೆಯ ಬದಲು ಬಿರಿಂಡೆ ಎಂಬ ಹುಳಿಹಣ್ಣಿನ ಕೆಂಪು ರಸಕ್ಕೆ ಕಾಯಿಹಾಲು ಬೆರೆಸಿದರು. ಪಕ್ಕದ ಮರಾಠಿ ಮನೆಯವರು ಅದಕ್ಕೆ ಸೋಲ್‌ಕಢಿ ಎನ್ನುತ್ತಾರೆ, ಅಪ್ಪ ಅದನ್ನು ಹಠಕ್ಕೆ ಬಿದ್ದು "ಕೆಂಪು ಮಜ್ಜಿಗೆ" ಎಂದು ಕರೆದರು. ಅದಕ್ಕೂ ಇಂಗಿನ ನೀರಿನ ಒಂದು ಚಮಚ ಬೀಳುತ್ತಿತ್ತು. ಪ್ರಕಾಶ ಚಪಾತಿ ಬಿಟ್ಟ. ಅತ್ತೆ ಊರಿನಿಂದ ಜೋಳವನ್ನು ಆರಿಸಿ, ತೊಳೆದು, ಮನೆಯಲ್ಲೇ ಬೀಸಿದ ಹಿಟ್ಟು ಕಳಿಸಿದರು. ಅನಘಾ ತನ್ನ ಬ್ರೆಡ್ಡು ಚೀಸನ್ನು ಕಾಲೇಜಿನ ಕ್ಯಾಂಟೀನಿಗೆ ವರ್ಗಾಯಿಸಿದಳು. ಒಬ್ಬಳ ಹೊಟ್ಟೆಗೋಸ್ಕರ ಮೂರು ಜನ ತಮ್ಮ ನಾಲಿಗೆ ಕಟ್ಟಿಕೊಂಡರು. ಬೇರೆ ಯಾವ ಮಾತಿನಿಂದ ಇದನ್ನು ಹೇಳಬೇಕೋ ನನಗೆ ಗೊತ್ತಿಲ್ಲ, ನನ್ನ ಜನರ ಮೇಲೆ ನನಗೆ ಆಗ ಬಂದಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಆದರೆ ಹೊಟ್ಟೆಗೆ ಈ ಪ್ರೀತಿ ತಲುಪಲಿಲ್ಲ. ಸ್ವಲ್ಪ ಗೆಲುವಾದಂತೆ ಕಾಣುವುದು, ಮತ್ತೆ ಕೆಡುವುದು. ತಿಂಗಳುಗಳು ಕಳೆದು ಮತ್ತೆ ರಕ್ತಪರೀಕ್ಷೆ ಮಾಡಿಸಿದರೆ ಕಾಯಿಲೆಯ ಅಂಕಿ ಇಳಿದೇ ಇರಲಿಲ್ಲ. ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಸಚ್ ಬತಾಯಿಯೇ. ಥೋಡಾ ಥೋಡಾ ಚೀಟಿಂಗ್ ಹೋ ರಹಾ ಹೈ ನಾ?"

ನಿಜ ಹೇಳಿ, ಕದ್ದು ಏನಾದರೂ ತಿನ್ನುತ್ತಿದ್ದೀರಲ್ಲವೇ ಎಂದು ಕೇಳುತ್ತಿದ್ದರು. ಪಾವ್ ತಿಂದವಳಲ್ಲ, ಕೇಕ್ ತಿಂದವಳಲ್ಲ, ಬ್ಯಾಂಕಿನಲ್ಲಿ ಕತ್ತರಿಸಿದ ಹುಟ್ಟುಹಬ್ಬದ ಕೇಕನ್ನು ನೋಡಿ ಪಕ್ಕದ ಕೋಣೆಗೆ ಹೋದವಳು ನಾನು. ಇನ್ನು ಮೂರು ತಿಂಗಳು ನೋಡೋಣ, ಇಳಿಯದಿದ್ದರೆ ಸ್ಟಿರಾಯ್ಡ್ ಶುರುಮಾಡಬೇಕಾಗುತ್ತದೆ, ಕರುಳು ಹೀಗೇ ಇದ್ದರೆ ಮುಂದೆ ಕೆಟ್ಟದ್ದಾಗುತ್ತದೆ ಎಂದರು. ಕೆಟ್ಟದ್ದು ಎಂದರೆ ಏನು ಎಂದು ನಾನು ಕೇಳಲಿಲ್ಲ.

ಹೊರಗೆ ಡಯಟೀಶಿಯನ್ ಕೋಣೆಯ ಮುಂದೆ ಸರದಿಗೆ ಕೂತಿದ್ದೆ. ಎದುರಿಗೆ ನನ್ನ ವಯಸ್ಸಿನ ಗುಜರಾತಿ ಹೆಂಗಸು. ನನ್ನ ಮುಖ ನೋಡಿ ಕೈಚೀಲದಿಂದ ಚಿಕ್ಕ ಡಬ್ಬಿ ತೆಗೆದು ಮುಂದೆ ಹಿಡಿದಳು. ರಾಜಗಿರದ ಚಿಕ್ಕಿ, ದಂಟಿನ ಬೀಜಕ್ಕೆ ಬೆಲ್ಲ ಹಾಕಿ ಮಾಡಿದ್ದು. ನಾನು ಅಭ್ಯಾಸಬಲದಿಂದ ಕೈ ಅಡ್ಡ ಮಾಡಿದೆ. ಅವಳು ನಕ್ಕಳು.

"ಲೋ ನಾ. ಆಪ್ ಖಾ ಸಕ್ತೇ ಹೋ."

ನೀವು ತಿನ್ನಬಹುದು. ಮನೆಯ ಹೊರಗೆ ಯಾರಾದರೂ ನನಗೆ ಈ ಮಾತು ಹೇಳಿ ಎಷ್ಟು ಕಾಲವಾಗಿತ್ತು! ಚಿಕ್ಕಿ ಕಡಿಯುತ್ತಾ ಅಳು ಬಂತು, ಅವಳು ನೀರಿನ ಬಾಟಲಿ ಕೊಟ್ಟಳು. ನನಗೂ ಇದೇ ಕಾಯಿಲೆ, ಯಾವ ಪ್ಯಾಕೆಟ್ಟನ್ನೂ ಓದದೆ ಮನೆಯೊಳಗೆ ಬಿಡುವುದಿಲ್ಲ, ಗಂಡನ ಕೆಮ್ಮಿನ ಔಷಧಿಯನ್ನೂ ಓದುತ್ತೇನೆ, ಗಂಡ ನನ್ನನ್ನು ಇನ್‌ಸ್ಪೆಕ್ಟರ್ ಎನ್ನುತ್ತಾನೆ ಎಂದೆಲ್ಲ ಹೇಳಿದಳು. ನನ್ನ ಹೆಸರು ಕರೆದರು, ಎದ್ದು ಹೋದೆ. ಅವಳ ಹೆಸರು ಕೇಳಲು ಮರೆತೆ.

ಮನೆಯಲ್ಲಿ ಕಳ್ಳನ ಹುಡುಕಾಟ ಶುರುವಾಯಿತು. ಅಪ್ಪನ ಕಣ್ಣು ನೇರ ಜೋಳದ ಮೇಲೆ ಬಿತ್ತು.

"ಆ ಜೋಳದಲ್ಲಿಯೇ ಎಂತದೋ ಉಂಟು. ಅಕ್ಕಿಯಲ್ಲಿ ಎಂತ ಇರ್ತದೆ?"

"ಮಾವಾರ, ಜ್ವಾಳದಾಗ ಏನೂ ಇಲ್ರಿ. ನಮ್ಮವ್ವ ತನ್ನ ಕೈಲೇ ಹಸನ ಮಾಡಿ ಬೀಸ್ಯಾಳ," ಎಂದ ಪ್ರಕಾಶ. ಅವನ ದನಿ ಎಂದಿಲ್ಲದಷ್ಟು ಏರಿತ್ತು.

"ನಾನು ನಿನ್ನ ಅಮ್ಮನಿಗೆ ಹೇಳಿದ್ದಲ್ಲ ಮಾರಾಯ, ಜೋಳಕ್ಕೆ ಹೇಳಿದ್ದು."

ಜೋಳ ನಿಂತಿತು, ಹೊಟ್ಟೆ ನಿಲ್ಲಲಿಲ್ಲ. ಪ್ರಕಾಶ ಮೆಲ್ಲನೆ ಅಕ್ಕಿಹಿಟ್ಟಿನ ಗಿರಣಿಯ ಮೇಲೆ ಅನುಮಾನ ಹೇಳಿದ. ಅಪ್ಪ ಅದಕ್ಕೂ ಉತ್ತರ ಕೊಟ್ಟರು, ಹಿಟ್ಟನ್ನೆಲ್ಲ ಮನೆಯಲ್ಲೇ ಮಾಡತೊಡಗಿದರು. ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬೀಳತೊಡಗಿತು. ರೋಗಿಗೆ ಶಕ್ತಿ ಬರಲಿ ಎಂದು.

ಅಷ್ಟರಲ್ಲಿ ಅಪ್ಪ ತಮ್ಮನ ಮೊಮ್ಮಗನ ಉಪನಯನಕ್ಕೆಂದು ಊರಿಗೆ ಹೋದರು. ನನ್ನನ್ನು ಬಿಟ್ಟು ಹೋಗಲು ಮನಸ್ಸಿರಲಿಲ್ಲ, ನಾವೇ ಒತ್ತಾಯ ಮಾಡಿ ಗಾಡಿ ಹತ್ತಿಸಿದೆವು. ಅವರಿಲ್ಲದ ದಿನಗಳಲ್ಲಿ ನಾನು ಕುಕ್ಕರಿನಲ್ಲಿ ಅನ್ನ, ಹೆಸರುಬೇಳೆ, ಬೇಯಿಸಿದ ತರಕಾರಿ, ಮೇಲೆ ಜೀರಿಗೆ ಒಗ್ಗರಣೆ, ಅಷ್ಟು ಮಾಡಿದೆ. ಇಂಗಿನ ನೀರು ಮಾಡುವುದು ನನಗೆ ಹೊಳೆಯಲೂ ಇಲ್ಲ. ಅದು ಅಪ್ಪನ ಕೆಲಸ. ಊಟದಲ್ಲಿ ರುಚಿ ಎನ್ನುವುದೇ ಇರಲಿಲ್ಲ. ಆದರೆ ವಾರ ದಾಟುವಷ್ಟರಲ್ಲಿ ಒಂದು ಬೆಳಿಗ್ಗೆ ನಾನು ಸ್ಟೇಷನ್ನಿನ ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತಿದ್ದೆ. ಗಾಡಿ ದಾದರ್ ದಾಟಿದ್ದು ಗೊತ್ತೇ ಆಗಲಿಲ್ಲ.

ಆ ಭಾನುವಾರ ಪಾತ್ರೆ ಒರೆಸುತ್ತಾ ಪ್ರಕಾಶ ಹೇಳಿದ, "ವೀಣಾ, ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ಮಾವಾರು ಇಲ್ದಾಗ ನಿನ್ನ ಹೊಟ್ಟಿ ಸುಮ್ಮನೈತಿ."

ನನಗೆ ಕೆಟ್ಟ ಸಿಟ್ಟು ಬಂತು. "ಅಂದರೆ? ಅಪ್ಪ ನನಗೆ ಏನು ಹಾಕ್ತಿದ್ದಾರೆ ಅಂತ?" ಎಂದು ಕೂಗಾಡಿದೆ. ಅವನು ಮತ್ತೆ ಪಾತ್ರೆ ಒರೆಸತೊಡಗಿದ. ಸಿಟ್ಟು ಬಂದದ್ದು ಅದೇ ಯೋಚನೆ ನನಗೆ ಎರಡು ದಿನದಿಂದ ಬರುತ್ತಿದ್ದುದರಿಂದ. ಅದನ್ನು ಬೇರೆಯವರ ಬಾಯಲ್ಲಿ ಕೇಳಲು ನಾನು ತಯಾರಿರಲಿಲ್ಲ.

ಅಪ್ಪ ಊರಿನಿಂದ ಹೊರಡುವ ಮುಂಚೆ ಫೋನು ಮಾಡಿದರು. "ಮಗಾ, ಹೊಟ್ಟೆ ಹೇಗುಂಟು?"

"ಪರವಾಗಿಲ್ಲ ಅಪ್ಪ."

"ಪಾಪ, ನಾನಿಲ್ಲದೆ ನಿನಗೆ ಸಮಾ ಊಟವೇ ಇಲ್ಲ. ನಾಡಿದ್ದು ಬರ್ತೇನೆ. ಡಬ್ಬಿಯಲ್ಲಿ ಇಂಗು ಮುಗಿದದ್ದು ಈಗ ನೆನಪಾಯ್ತು, ಮಾಟುಂಗಾದಿಂದ ತಂದಿಡು. ನಮ್ಮ ಅಂಗಡಿಯದ್ದೇ."

ಅಂಗಡಿಯಲ್ಲಿ ಗಿರಾಕಿಗಳ ನೂಕುನುಗ್ಗಲು. ಅಂಗಡಿಯವರು ಇಂಗಿನ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ಇನ್ನೊಬ್ಬರ ಸಾಮಾನು ಕಟ್ಟುತ್ತಿದ್ದರು. ಸುಮ್ಮನೆ ನಿಂತವಳಿಗೆ ಚಿಕ್ಕಿ ಕೊಟ್ಟ ಹೆಂಗಸಿನ ನೆನಪಾಯಿತು. ಪೊಟ್ಟಣ ತಿರುಗಿಸಿದೆ. ಇಷ್ಟು ವರ್ಷ ನಮ್ಮ ಮನೆಯಲ್ಲಿ ಯಾರೂ ನೋಡದೆ ಬಿಚ್ಚಿ ಎಸೆದ ಕಾಗದ ಅದು. ಸಣ್ಣ ಅಕ್ಷರದಲ್ಲಿ ಇಂಗಿಗಿಂತ ಮುಂಚೆಯೇ ಬರೆದಿತ್ತು: ಗೋಧಿ ಹಿಟ್ಟು.

ಬರೆದದ್ದು ಗುಟ್ಟೇನೂ ಆಗಿರಲಿಲ್ಲ. ಇಂಗು ಬಲು ಘಾಟಿನ ಅಂಟು, ಅದನ್ನು ಹಿಟ್ಟಿನಲ್ಲಿ ಕಲಸಿಯೇ ಮಾರುವುದು ಎಂದು ಆಮೇಲೆ ತಿಳಿಯಿತು. ಎಲ್ಲರಿಗೂ ಆಗುತ್ತದೆ, ನನ್ನಂಥವರಿಗೆ ಮಾತ್ರ ಆಗದು. ಪುಡಿಯನ್ನು ನಂಬದೆ ಗಟ್ಟಿಯನ್ನು ನಂಬಿದ್ದರು ಅಪ್ಪ, ಹಿಟ್ಟು ಎರಡರಲ್ಲೂ ಇತ್ತು. ಆ ನೂಕುನುಗ್ಗಲಲ್ಲಿ ನನಗೆ ಕಣ್ಣೆದುರು ಬಂದದ್ದು ರೋಗವಲ್ಲ, ಅಪ್ಪನ ಸ್ಟೀಲ್ ಲೋಟ. ಇದನ್ನು ಅವರಿಗೆ ಹೇಗೆ ಹೇಳಲಿ? ಹೇಳಿದರೆ ಅವರು ಇನ್ನೆಂದಾದರೂ ಸೌಟು ಹಿಡಿಯುತ್ತಾರೆಯೇ? ಹೇಳದಿದ್ದರೆ ನಾನು ಉಳಿಯುತ್ತೇನೆಯೇ?

ನಾನು ಹೆದರುಪುಕ್ಕಲಿ. ಕೈಯಲ್ಲಿದ್ದ ಪೊಟ್ಟಣವನ್ನು ಚೀಲದ ತಳಕ್ಕೆ ಹಾಕಿ, ಅಂಗಡಿಯವರನ್ನು ಕೇಳಿ ಅಕ್ಕಿಹಿಟ್ಟಿನಲ್ಲಿ ಮಾಡಿದ ಬೇರೆ ಇಂಗು ತಂದೆ, ಹಿತ್ತಾಳೆ ಡಬ್ಬಿಯನ್ನು ತಿಕ್ಕಿ ತೊಳೆದು ಅದನ್ನು ತುಂಬಿದೆ, ಏನೂ ಆಗದವಳ ಹಾಗೆ ಕೂತೆ. ಅಪ್ಪ ಬಂದರು. ಚೀಲದಿಂದ ಕುಚ್ಚಲಕ್ಕಿ, ಒಣಗಿದ ಬಿರಿಂಡೆ, ಹಪ್ಪಳ ಎಲ್ಲ ಹೊರಗೆ ಬಂದವು. ಸ್ನಾನ ಮುಗಿಸಿ ಸೀದಾ ಒಲೆಯ ಮುಂದೆ ಹೋಗಿ ಡಬ್ಬಿಯ ಮುಚ್ಚಳ ತೆಗೆದರು, ಅಷ್ಟೇ.

"ಇದು ಎಂತದ್ದು? ಇದು ಇಂಗಾ? ಸೀಮೆಸುಣ್ಣದ ಪುಡಿ ಹಾಗೆ ಉಂಟು. ಯಾರು ಕೊಟ್ಟದ್ದು ನಿನಗೆ?"

ನಾನು ಸುಳ್ಳು ಹೇಳಲು ಬಾಯಿ ತೆರೆದೆ. ಬಂದದ್ದು ನಿಜ. ಮೊದಲಿನ ಪೊಟ್ಟಣವನ್ನು ಚೀಲದಿಂದ ತೆಗೆದು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹೋದರು. ಹಿಂದಿ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದರು. ಮತ್ತೊಮ್ಮೆ ಓದಿದರು.

"ನಾನು ಹಾಕಿದ್ದಾ?" ಎಂದರು.

"ಯಾರಿಗೆ ಗೊತ್ತಿತ್ತು ಅಪ್ಪ? ಡಾಕ್ಟರೂ ಹೇಳಿರಲಿಲ್ಲ."

"ನಿನಗೆ ಶಕ್ತಿ ಬರಲಿ ಅಂತ ಒಂದು ಸೌಟು ಹೆಚ್ಚು ಹಾಕ್ತಿದ್ದೆ."

ಅನಘಾ ಓಡಿಬಂದು ಅವರ ತೋಳು ಹಿಡಿದಳು. "ಅಜ್ಜ, ಇಟ್ಸ್ ಓಕೆ ನಾ. ನೀವು ಜಾನ್‌ಬೂಝ್‌ಕರ್ ಥೋಡೀ ಮಾಡಿದ್ದು?" ಬೇಕೆಂದೇ ಮಾಡಿದ್ದಲ್ಲವಲ್ಲ ಎಂಬ ಅವಳ ಸಮಾಧಾನ ಅವರಿಗೆ ಕೇಳಿಸಿತೋ ಇಲ್ಲವೋ. ಲೋಟವನ್ನು ಬೋರಲು ಹಾಕಿ, ಒಲೆ ಆರಿಸಿ, ಬಾಲ್ಕನಿಯ ಕುರ್ಚಿಯಲ್ಲಿ ಹೋಗಿ ಕೂತರು.

ಆಮೇಲಿನ ದಿನಗಳು ನನ್ನ ಕಾಯಿಲೆಯ ಅತಿ ಕೆಟ್ಟ ದಿನಗಳು, ಹೊಟ್ಟೆ ಗುಣವಾಗುತ್ತಿದ್ದರೂ. ಅಪ್ಪ ಅಡಿಗೆಮನೆಗೆ ಕಾಲಿಡಲಿಲ್ಲ. ನಾನು ಬೇಯಿಸಿದ ಸಪ್ಪೆ ಬೇಳೆಯನ್ನು ಏನೂ ಕೊಂಕು ತೆಗೆಯದೆ ಉಂಡು ಏಳುತ್ತಿದ್ದರು. ನನ್ನ ಅಡಿಗೆಗೆ ಅಪ್ಪ ಕೊಂಕು ತೆಗೆಯಲಿಲ್ಲ ಎಂದರೆ ಅವರಿಗೆ ಎಷ್ಟು ನೋವಾಗಿರಬೇಕೆಂದು ನಮಗೆ ಗೊತ್ತಾಗುತ್ತಿತ್ತು. "ಅಪ್ಪ, ಅಕ್ಕಿಹಿಟ್ಟಿನ ಇಂಗು ಇದೆಯಲ್ಲ, ಅದರಲ್ಲೇ ಮಾಡಿ," ಎಂದು ಬೇಡಿಕೊಂಡೆ. "ಇಂಗಿನ ಮೇಲೆ ನನಗೆ ಇನ್ನು ನಂಬಿಕೆ ಇಲ್ಲ ಮಗಾ. ನನ್ನ ಮೇಲೂ ಇಲ್ಲ," ಎಂದರು. ಫೋರ್ಟಿನ ಜನರಿಗೆಲ್ಲ ಉಣಿಸಿದ ಮನುಷ್ಯ ಮಗಳಿಗೆ ಉಣಿಸಲು ಹೆದರಿ ಕೂತಿದ್ದರು.

ಒಂದು ಬೆಳಿಗ್ಗೆ, ರಜೆಯ ದಿನ, ಅವರು ಸ್ನಾನ ಜಪ ಮುಗಿಸಿ ಕೈಚೀಲ ಹಿಡಿದು ಮಾರ್ಕೆಟ್ಟಿಗೆ ಹೋದರು. ಬಂದವರೇ ಅಡಿಗೆಮನೆಯ ಕಟ್ಟೆಯ ಮೇಲೆ ಚೀಲ ಬರಿದು ಮಾಡಿದರು. ಟೊಮೆಟೊ, ಕೊತ್ತಂಬರಿ, ತೆಂಗಿನಕಾಯಿ. ಕೊನೆಗೆ ಉರುಳಿ ಬಂದದ್ದು ಒಂದು ಗಡ್ಡೆ ಬೆಳ್ಳುಳ್ಳಿ.

ಪ್ರಕಾಶ ಕೈಯಲ್ಲಿದ್ದ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ. ಅಪ್ಪ ಆ ಗಡ್ಡೆಯನ್ನು ಎತ್ತಿ, ತಿರುಗಿಸಿ, ತಲೆ ಯಾವುದು ಬುಡ ಯಾವುದು ಎಂದು ನೋಡಿದರು. ಅಷ್ಟು ವರ್ಷ ಒಲೆಯ ಮುಂದೆ ನಿಂತವರು ಬೆಳ್ಳುಳ್ಳಿ ಸುಲಿದವರಲ್ಲ. ಉಗುರು ಹಾಕಿ ನೋಡಿದರು, ಸಿಪ್ಪೆ ಚೂರುಚೂರಾಗಿ ಬೆರಳಿಗೆ ಅಂಟಿತು.

"ಪ್ರಕಾಶ," ಎಂದು ಕರೆದರು. "ನೀನು ಇದರಲ್ಲಿ ತಿಳಿದವನು. ಇದನ್ನು ಸುಲಿಯುವುದು ಎಲ್ಲಿಂದ?"

ಪ್ರಕಾಶ ಪೇಪರು ಬಿಟ್ಟು ಎದ್ದ. "ಕೊಡ್ರಿ ಮಾವಾರ, ನಾ ಸುಲಿದು ಕೊಡ್ತೀನಿ. ನೀವ್ಯಾಕ ಮುಟ್ತೀರಿ?"

"ನನಗೆ ಕಲಿಸು. ಮಾಡುವವನು ನಾನಲ್ಲವಾ?"

ಲೋಟದ ಬುಡದಿಂದ ಒಂದು ಎಸಳನ್ನು ಒತ್ತಿದರೆ ಸಿಪ್ಪೆ ತಾನೇ ಬಿಡುತ್ತದೆ ಎಂದು ಪ್ರಕಾಶ ತೋರಿಸಿದ. ಒತ್ತಲು ಕೈಗೆ ಸಿಕ್ಕಿದ್ದು ಇಂಗಿನ ನೀರಿನ ಅದೇ ಲೋಟ, ತೊಳೆದು ಬೋರಲಾಗಿತ್ತು. ಅಪ್ಪ ಒತ್ತಿದರು. ಎಸಳು ಜಾರಿ ಫ್ರಿಜ್ಜಿನ ಕೆಳಗೆ ಹೋಯಿತು. "ಓಡಿ ಹೋಯ್ತಲ್ಲ ಮಾರಾಯ!" ಎಂದರು, ಎಷ್ಟೋ ದಿನದ ಮೇಲೆ ಮೊದಲ ಸಲ ಅವರ ದನಿ ಮೊದಲಿನ ಹಾಗಿತ್ತು. ಅನಘಾ ನೆಲದ ಮೇಲೆ ಮಲಗಿ ಅದನ್ನು ಹುಡುಕುತ್ತಾ, "ಅಜ್ಜ, ಗಾರ್ಲಿಕ್! ಸೀರಿಯಸ್ಲಿ?" ಎಂದು ನಗುತ್ತಿದ್ದಳು.

"ಅಪ್ಪ, ನನಗೋಸ್ಕರ ಇದೆಲ್ಲ ಬೇಡ," ಎಂದೆ.

"ಮತ್ತೆ ಯಾರಿಗೋಸ್ಕರ ಮಾಡುವುದು?" ಎಂದರು, ಒಲೆಯ ಕಡೆ ತಿರುಗಿಕೊಂಡು.

ತೆಂಗಿನೆಣ್ಣೆ ಕಾದು, ಸಾಸಿವೆ ಸಿಡಿದು, ಬೆಳ್ಳುಳ್ಳಿ ಕೆಂಪಾಗಿ, ಕರಿಬೇವು ಬಿದ್ದು, ಎಲ್ಲವೂ ಚೊಂಯ್ ಎಂದು ಸಾರಿಗೆ ಇಳಿಯಿತು. ನಮ್ಮ ಮನೆಯಲ್ಲಿ ಎಂದೂ ಹರಡದ ಘಮ. ಅಪ್ಪ ನನಗೆ ಮೊದಲು ಬಡಿಸಿದರು. ನಾನು ಕಲಸಿದೆ, ಆದರೆ ಕೈ ಬಾಯಿಗೆ ಹೋಗಲಿಲ್ಲ. ಅವರು ಏನು ಉಣ್ಣುತ್ತಾರೆ ಎಂದು ನೋಡುತ್ತಿದ್ದೆ. ಉಪ್ಪಿನಕಾಯಿ ಅನ್ನ ಉಂಡು ಏಳುತ್ತಾರೆ, ಅಲ್ಲದಿದ್ದರೆ ತಮಗೆಂದು ಬೇರೆ ಸಾರು ಎತ್ತಿಟ್ಟಿರುತ್ತಾರೆ ಎಂದುಕೊಂಡಿದ್ದೆ. ಒಲೆಯ ಮೇಲೆ ಇದ್ದದ್ದು ಒಂದೇ ಪಾತ್ರೆ. ಅಪ್ಪ ತಮ್ಮ ತಟ್ಟೆಗೂ ಅದರಿಂದಲೇ ಬಡಿಸಿಕೊಂಡರು. ಕೂತು, ಎಂದಿನಂತೆ ತಟ್ಟೆಯ ಸುತ್ತ ನೀರು ಬಿಟ್ಟು, ಒಂದು ಕ್ಷಣ ಕಣ್ಣು ಮುಚ್ಚಿ, ತುತ್ತು ಬಾಯಿಗಿಟ್ಟರು. ನಾವು ಮೂವರೂ ನೋಡುತ್ತಿದ್ದೆವು.

"ಉಪ್ಪು ಒಂಚೂರು ಮುಂದಾಯ್ತು," ಎಂದರು. "ನೋಡ್ತಾ ಕೂತದ್ದೆಂತ? ಉಣ್ಣಿ."

ಮುಂದಿನ ಪರೀಕ್ಷೆಯಲ್ಲಿ ಅಂಕಿ ಇಳಿಯಿತು, ಅದರ ಮುಂದಿನದರಲ್ಲಿ ಇನ್ನೂ ಇಳಿಯಿತು. ಸ್ಟಿರಾಯ್ಡಿನ ಮಾತು ಯಾರೂ ಎತ್ತಲಿಲ್ಲ. ಹಾಲು ಮಾತ್ರ ನನ್ನ ಹತ್ತಿರ ರಾಜಿಗೆ ಬರಲಿಲ್ಲ. ಕುಡಿದು ನೋಡಿದೆ, ಮತ್ತೆ ಸ್ಟೇಷನ್ನಿನ ಬೆಂಚು ನೆನಪಾಯಿತು, ಬಿಟ್ಟೆ. ಕೆಂಪು ಮಜ್ಜಿಗೆಯಲ್ಲಿ ಊಟ ಮುಗಿಯುತ್ತದೆ. ಪ್ರಕಾಶನ ಖಾರದಪುಡಿ ಡಬ್ಬಿ ಡ್ರಾಯರಿನಿಂದ ಬಿಡುಗಡೆಯಾಗಿ ನಮ್ಮ ಊಟದ ಮೇಜಿನ ಮೇಲೆ ಬಂದು ಕೂತಿದೆ. ಅದನ್ನು ಮಾತ್ರ ಅಪ್ಪ ಮುಟ್ಟುವುದಿಲ್ಲ, ಎಲ್ಲದಕ್ಕೂ ಒಂದು ಮಿತಿ ಉಂಟು ಎನ್ನುತ್ತಾರೆ.

ಈಗ ಪರೀಕ್ಷೆಗೆ ಹೋಗುವಾಗ ಅಪ್ಪನೂ ಬರುತ್ತಾರೆ. ಮೊನ್ನೆ ಕಾಯುವ ಕೋಣೆಯಲ್ಲಿ ನಮ್ಮ ಪಕ್ಕದಲ್ಲಿ ಒಬ್ಬ ಹುಡುಗಿ, ಕೈಯಲ್ಲಿ ಹೊಸ ರಿಪೋರ್ಟು, ಜೊತೆಗೆ ಅವಳ ತಾಯಿ. ಉತ್ತರದ ಕಡೆಯವರು. ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಹುಟ್ಟಿದಂದಿನಿಂದ ನಾನೇ ರೊಟ್ಟಿ ಮಾಡಿ ತಿನ್ನಿಸಿದೆ, ನನ್ನ ಕೈಯಿಂದಲೇ ತಿನ್ನಿಸಿದೆ ಎಂದು ಅದನ್ನೇ ಹೇಳುತ್ತಿದ್ದಳು. ಹುಡುಗಿ ಏನು ಮಾಡುವುದೆಂದು ತೋಚದೆ ನೆಲ ನೋಡುತ್ತಿದ್ದಳು. ಅಪ್ಪ ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ತಮ್ಮ ಫೋರ್ಟಿನ ಹಿಂದಿಯಲ್ಲಿ ಶುರುಮಾಡಿದರು.

"ರೋನೇಕಾ ನಹೀ ಬೆಹೆನ್‌ಜೀ. ಯೇ ಮೇರಾ ಬೇಟಿ. ಹಮ್ ಭೀ ಖಿಲಾಯಾ. ರೋಜ್ ಖಿಲಾಯಾ, ಹಿಂಗ್ ಮೇ. ಹಮ್‌ಕೋ ಮಾಲೂಮ್ ನಹೀ ಥಾ."

ಅಳಬೇಡಿ ತಂಗಿ, ಇವಳು ನನ್ನ ಮಗಳು, ನಾನೂ ತಿನ್ನಿಸಿದೆ, ಇಂಗಿನಲ್ಲಿ ದಿನಾ ತಿನ್ನಿಸಿದೆ, ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬ ಈ ಮಾತನ್ನು ಅಪ್ಪ ಮನೆಯಲ್ಲಿ ಒಮ್ಮೆಯೂ ಆಡಿರಲಿಲ್ಲ. ನಾನು ಎಷ್ಟು ಸಲ ಹೇಳಿದರೂ ಒಪ್ಪದಿದ್ದ ಮಾತು, ಗುರುತಿಲ್ಲದ ಒಬ್ಬ ತಾಯಿಗೋಸ್ಕರ ಅವರ ಬಾಯಿಂದ ತಾನಾಗಿ ಬಂತು. ನಾನು ಮುಖ ಆ ಕಡೆ ತಿರುಗಿಸಿಕೊಂಡೆ.

ಆ ತಾಯಿ ಸೆರಗು ತೆಗೆದು ಅಪ್ಪನನ್ನು ನೋಡಿದಳು. ಹಿಂಗ್‌ನಲ್ಲೂ ಇರುತ್ತದೆಯೇ ಎಂದು ಗಾಬರಿಯಿಂದ ಕೇಳಿದಳು. ಮತ್ತೆ ಬೇಳೆಗೆ ಒಗ್ಗರಣೆ ಯಾವುದರಲ್ಲಿ ಕೊಡುವುದು?

ಅಪ್ಪ ಚೀಲದಿಂದ ನನ್ನ ಊಟದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಹುಡುಗಿಯ ಮುಂದೆ ಹಿಡಿದರು. ಬೆಳಿಗ್ಗೆ ಮಾಡಿದ ಅನ್ನ, ಸಾರು.

"ಲಸೂನ್," ಎಂದರು, ಹುಟ್ಟಿದಂದಿನಿಂದ ಬೆಳ್ಳುಳ್ಳಿಯಲ್ಲೇ ಒಗ್ಗರಣೆ ಕೊಡುತ್ತಾ ಬಂದವರ ಹಾಗೆ. "ಖಾವ್ ಬೇಟಾ. ತುಮ್ ಖಾ ಸಕ್ತಾ ಹೈ."